ಬಳೆಗಾರ್ತಿಗೆ ಹೇಳಿ ಕಳಿಸಿ

ಬಳೆ ತೊಡಿಸುವವರು ಊರಿನ ಹೆಂಗಸರನ್ನು ಕೈಯಿಂದ ಗುರುತು ಹಿಡಿಯುತ್ತಾರೆ. ಎಷ್ಟೋ ಮುಖಗಳು ನನಗೆ ಮರೆತುಹೋಗಿವೆ. ಕೈಗಳು ಮರೆತಿಲ್ಲ. ಕಳೆ ಕಿತ್ತು ಗಂಟಾದ ಬೆರಳು, ರೊಟ್ಟಿ ಬಡಿದು ಅಗಲವಾದ ಅಂಗೈ, ಹೊಸ ಮದುಮಗಳ ಮೆತ್ತನೆಯ ಗೆಣ್ಣು, ಹಡೆದ ಮೇಲೆ ಊದಿಕೊಂಡ ಮಣಿಕಟ್ಟು, ಎಲ್ಲವೂ ಈ ಹೆಬ್ಬೆರಳಿನ ಕೆಳಗೆ ಹಾದುಹೋಗಿವೆ.

ನಮ್ಮದು ಗೋಕಾಕದಲ್ಲಿ ಬಳೆ ವ್ಯಾಪಾರ ಮಾಡುವ ಮಣಿಯಾರ ಸಾಬರ ಮನೆ. ಗಂಡಸರು ಬೆಳಗಾವಿಯ ಸಗಟು ಅಂಗಡಿಯಿಂದ ಮಾಲು ತರುತ್ತಿದ್ದರು. ಅದನ್ನು ಬುಟ್ಟಿಯಲ್ಲಿ ಹೊತ್ತು ಹಳ್ಳಿಗಳ ಮೇಲೆ ಮಾರುವುದು ಅತ್ತೆಯ ಕೆಲಸ. ಸ್ವಾತಂತ್ರ್ಯ ಬಂದ ಮರುವರ್ಷ ನಾನು ಆ ಮನೆಗೆ ಸೊಸೆಯಾಗಿ ಬಂದೆ. ಕನ್ನಡ ಸಾಲೆಯಲ್ಲಿ ನಾಲ್ಕನೇ ಇಯತ್ತೆ ಪಾಸಾದವಳು, ಓದು ಬರಹ ಬರುತ್ತದೆ ಎಂದು ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡರು. ಆದರೆ ಅವರ ಮೊಣಕಾಲು ಸೋತ ವರ್ಷ ಬುಟ್ಟಿ ನನ್ನ ತಲೆಗೆ ಬಂತು. ಭಾನುವಾರ ಮೂಡಲಗಿಯ ಸಂತೆ, ನಡುವೆ ಹುಕ್ಕೇರಿ, ಉಳಿದ ದಿನ ಮಮದಾಪುರದಂಥ ಹಳ್ಳಿಗಳು. ಮುಂದೆ ನಾನೇ ಗೋಕಾಕದ ಪೇಟೆಯಲ್ಲಿ ಅಂಗಡಿ ಹಾಕಿದೆ, ಅದು ಬೇರೆ ಮಾತು. ಯಾರೂ ಹಾಕಿಕೊಡಲಿಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ.

ವ್ಯಾಪಾರದಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಚೌಕಾಸಿ ಮಾಡುವ ಗಿರಾಕಿಯನ್ನು ಕಂಡರೆ ಬೇಸರಪಡುತ್ತಾರೆ. ನಾನು ಹೇಳುವುದನ್ನು ಕೇಳಿ, ಅವಳೇ ಒಳ್ಳೆಯ ಗಿರಾಕಿ. ಹಸಿರಿನಲ್ಲಿ ಕಡುಹಸಿರು ಬೇಕು, ಗೀರು ಬೇಡ, ಮೇಲೊಂದು ಬಳೆ ಪುಕ್ಕಟೆ ಹಾಕು ಎಂದು ಜಗಳ ತೆಗೆಯುವ ಹೆಂಗಸು ನಾಳೆ ನಾಡಿದ್ದರ ಲೆಕ್ಕ ಇಟ್ಟುಕೊಂಡಿರುತ್ತಾಳೆ. ಆ ಬಳೆ ಹಾಕಿಕೊಂಡು ಯಾರ ಮದುವೆಗೆ ಹೋಗಬೇಕು, ಯಾರ ಮುಂದೆ ಕೈ ಆಡಿಸಬೇಕು ಎಂಬುದು ಅವಳ ತಲೆಯಲ್ಲಿ ಇರುತ್ತದೆ. ಸುಮ್ಮನೆ ಕೈ ಚಾಚಿ, ‘ಯಾವದಾರ ಹಾಕು’ ಎಂದು ಬೇರೆ ಕಡೆ ನೋಡುವವಳ ಮುಂದೆ ಅವಸರ ಮಾಡಬಾರದು. ಇದನ್ನು ನನಗೆ ಕಲಿಸಿದವರು ಅತ್ತೆ. ‘ಅಂಥಾಕಿ ಸಿಕ್ಕಳಂದ್ರ ಬುಟ್ಟಿ ಕೆಳಗಿಡು, ಲಗೂನ ಎತ್ತಬ್ಯಾಡ’ ಎಂದಿದ್ದರು. ಯಾಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯಾಕೆಂದು ಹುಕ್ಕೇರಿಯ ಒಂದು ಓಣಿಯಲ್ಲಿ ಗೊತ್ತಾಯಿತು. ಅಲ್ಲಿನ ಒಬ್ಬ ಹೆಂಗಸು ದಿನಾ ಅಳುತ್ತಾಳೆಂದು ಓಣಿಯವರೆಲ್ಲ ಬುದ್ಧಿ ಹೇಳಿದರು. ಹೇಳಿದವರಲ್ಲಿ ಹಿರಿಯರಿದ್ದರು, ಪೂಜೆಯವರಿದ್ದರು, ಬುಟ್ಟಿ ಇಳಿಸಿ ಕುಳಿತ ನಾನೂ ಇದ್ದೆ. ದೇವರ ಮೇಲೆ ಭಾರ ಹಾಕು, ಮಕ್ಕಳ ಮುಖ ನೋಡು, ಎಲ್ಲರ ಮನೆಯಲ್ಲೂ ಇದ್ದದ್ದೇ. ಅವಳು ಎಲ್ಲರಿಗೂ ಹೂಂ ಎಂದಳು, ಎಲ್ಲರಿಗೂ ಚಹಾ ಮಾಡಿಕೊಟ್ಟಳು. ಆ ವಾರ ಕಳೆಯುವುದರೊಳಗೆ ತಾನೇ ಜೀವ ತೆಗೆದುಕೊಂಡಳು. ಮಣ್ಣಿಗೆ ಬಂದವರು ಒಬ್ಬರ ಮುಖ ಒಬ್ಬರು ನೋಡಿ, ‘ಎಷ್ಟ ಹೇಳಿದ್ವಿ’ ಎಂದರು. ಹೌದು, ಹೇಳಿದ್ದೆವು. ಅವಳು ಏನು ಹೇಳುತ್ತಿದ್ದಳೋ ಅದನ್ನು ಯಾರೂ ಕೇಳಿರಲಿಲ್ಲ.

ಬುದ್ಧಿ ಹೇಳುವುದೆಂದರೆ ನನಗೆ ಈಗಲೂ ಊಟದಷ್ಟು ಇಷ್ಟ. ಯಾವ ಬಸ್ಸಿಗೆ ಹೋಗಬೇಕು, ಯಾವ ಬೆಲ್ಲ ಕೊಳ್ಳಬೇಕು, ಮಗಳನ್ನು ಯಾವ ಊರಿಗೆ ಕೊಡಬಾರದು, ಕೇಳಿ, ಹೇಳುತ್ತೇನೆ. ಆದರೆ ಆ ಒಂದು ಕಡೆ ನನ್ನ ಬುದ್ಧಿವಾದ ನಡೆಯದ ಮಾಲು ಎಂದು ಆವತ್ತು ಗೊತ್ತಾಯಿತು. ನಡೆಯದ ಮಾಲನ್ನು ಹೊತ್ತು ತಿರುಗುವುದು ವ್ಯಾಪಾರಸ್ಥರ ಲಕ್ಷಣವಲ್ಲ.

ಮಮದಾಪುರದ ಆ ಹುಡುಗಿಯನ್ನು ನಾನು ಕಂಡದ್ದು ಇದಾದ ಮೇಲೆ. ಊರಿನ ನಡುವೆ ದೊಡ್ಡ ಮನೆ, ಹಿತ್ತಲಲ್ಲಿ ಬಾವಿ, ಬಾವಿಯ ಆಚೆ ಕಬ್ಬು. ಮನೆಯ ಯಜಮಾನ ಎಂದೋ ತೀರಿಕೊಂಡಿದ್ದ. ಎಲ್ಲವನ್ನೂ ನಡೆಸುತ್ತಿದ್ದವಳು ಅವನ ಹೆಂಡತಿ. ಹಿರಿಯ ಮಗ, ಅವನ ಹೆಂಡತಿಯೂ ಅಲ್ಲೇ ಇದ್ದರು; ಎರಡನೇ ಸೊಸೆ ಈ ಹುಡುಗಿ. ಮೊದಲ ಕೂಸು ಹುಟ್ಟಿ, ಬಾಣಂತನ ಮುಗಿಯುವ ಮೊದಲೇ ಹೋಗಿತ್ತು. ಬರಿಗೈಯಲ್ಲಿ ಬಾಣಂತಿ ಎದ್ದು ಬರಬಾರದೆಂದು ಅವಳ ಅತ್ತೆ ನನಗೆ ಹೇಳಿ ಕಳಿಸಿದ್ದಳು. ಪಡಸಾಲೆಯಲ್ಲಿ ಮಲಾರ ಬಿಚ್ಚಿದೆ. ಮಲಾರ ಎಂದರೆ ದಾರಕ್ಕೆ ಪೋಣಿಸಿದ ಬಳೆಗಳ ಸರ. ಬಣ್ಣ ಬಣ್ಣದ್ದು ಮುಂದೆ ಹರವಿದೆ.

“ಯಾವ ಬಣ್ಣ ಹಾಕಲೆವಾ?” ಎಂದೆ.

“ಯಾವದಾರ ಹಾಕ್ರಿ,” ಎಂದು ಗೋಡೆ ನೋಡಿದಳು.

ಬುಟ್ಟಿ ಕೆಳಗೇ ಇತ್ತು. ನಾನು ಇನ್ನಷ್ಟು ಹಿಂದಕ್ಕೆ ಸರಿಸಿ, ಕಾಲು ಮಡಚಿ ಸರಿಯಾಗಿ ಕುಳಿತೆ. ನಮ್ಮ ಕಸುಬಿನಲ್ಲಿ ಒಂದು ಅನುಕೂಲ ಇದೆ. ಬಿಗಿ ಬಳೆ ಏರಿಸಬೇಕಾದರೆ ಬೆರಳಿನ ಬುಡ ನೀವಬೇಕು, ಗೆಣ್ಣು ಒತ್ತಬೇಕು, ಹೊತ್ತು ಹಿಡಿಯುತ್ತದೆ. ನೋವಾಗುತ್ತದೆ. ಆಗ ಹೆಂಗಸಿನ ಕಣ್ಣಲ್ಲಿ ನೀರು ಬಂದರೆ ಮನೆಯಲ್ಲಿ ಯಾರೂ ಯಾಕೆಂದು ಕೇಳುವುದಿಲ್ಲ. ತುಂಬಿದ ಪಡಸಾಲೆಯಲ್ಲಿ, ಅತ್ತೆಯ ಕಣ್ಣೆದುರಿಗೆ ಕುಳಿತು ಸೊಸೆ ಅಳಬಹುದಾದ ಜಾಗ ಅದೊಂದೇ. ನಾನು ಬೇಕೆಂದೇ ಒಂದು ಅಳತೆ ಸಣ್ಣ ಬಳೆ ತೆಗೆದುಕೊಂಡೆ. ಅವಳ ಅತ್ತೆ ಅಡಿಗೆ ಮನೆಗೆ ಹೋದಾಗ ತಲೆ ಬಗ್ಗಿಸಿಕೊಂಡೇ ಕೇಳಿದೆ.

“ತಂಗಿ, ಸಾಯಬೇಕ ಅನಸ್ತೈತೇನ?”

ಇಂಥ ಮಾತು ಕೇಳಿದರೆ ಇಲ್ಲದ ವಿಚಾರ ತಲೆಗೆ ಹೊಕ್ಕೀತೆಂದು ಜನ ಹೆದರುತ್ತಾರೆ. ನಾನು ಎಷ್ಟೋ ಕೈ ಹಿಡಿದು ಕೇಳಿದವಳು, ಹೇಳುತ್ತೇನೆ. ಇಲ್ಲದವಳು ‘ಏನ ಹುಚ್ಚ ಮಾತು’ ಎಂದು ಬೈಯುತ್ತಾಳೆ. ಇದ್ದವಳ ಕೈ ಸಡಿಲವಾಗುತ್ತದೆ. ಅವಳ ಕೈ ಸಡಿಲವಾಯಿತು. ಅಷ್ಟು ಹೊತ್ತು ಬಿಗಿ ಹಿಡಿದಿದ್ದ ಗೆಣ್ಣು ಮೆತ್ತಗಾಗಿ, ಸಣ್ಣ ಬಳೆ ತಾನಾಗಿ ಇಳಿಯಿತು.

“ಹೂಂ,” ಎಂದಳು. “ನಿಮಗ ಹ್ಯಾಂಗ ಗೊತ್ತಾತು?”

ನಾನು ಇನ್ನೊಂದು ಬಳೆ ತೆಗೆದೆ. ಅವಳು ಹೇಳಿದಳು. ಎದೆ ಹಾಲು ಇನ್ನೂ ನಿಂತಿಲ್ಲ, ಸೀರೆ ತೋಯುತ್ತದೆ, ಅದನ್ನು ಕಂಡು ನೆರೆಯವಳು ಮುಖ ತಿರುಗಿಸುತ್ತಾಳೆ. ಗಂಡ ಒಳ್ಳೆಯವನು, ಆದರೆ ಕೂಸಿನ ಹೆಸರೆತ್ತಿದರೆ ಎದ್ದು ಹೊಲಕ್ಕೆ ಹೋಗುತ್ತಾನೆ. ಬಾವಿಯ ಕಡೆ ಹೋದಾಗ ಕೊಡ ಕೆಳಗಿಟ್ಟು ನಿಂತುಬಿಡುತ್ತಾಳೆ. ಅವಳ ಎರಡೂ ಕೈ ತುಂಬುವ ತನಕ ನಾನು ‘ಆಮ್ಯಾಲ?’ ಎಂಬ ಒಂದು ಮಾತು ಬಿಟ್ಟರೆ ಬೇರೆ ಆಡಲಿಲ್ಲ. ಕೊನೆಗೆ ಮಾತ್ರ ವ್ಯವಹಾರಕ್ಕೆ ಇಳಿದೆ. ಚೌಕಾಸಿ ನನಗೆ ಬರುವ ವಿದ್ಯೆ.

“ಬರೂ ಸಂತಿ ತನಕ ಏನೂ ಮಾಡಿಕೋಬ್ಯಾಡ. ನಾ ಬರ್ತೇನಿ. ಮುಂದಿಂದು ಅವತ್ತ ಮಾತಾಡೂಣು.”

“ಅಷ್ಟ ದಿನ ತಡ್ಯಾಕ ಆಗದಿದ್ರ?”

“ಕೈಯಾನ ಬಳಿ ಒಡಿ.”

ಅವಳು ಮೊದಲ ಸಲ ನನ್ನ ಮುಖ ನೋಡಿದಳು. ಬಿಡಿಸಿ ಹೇಳಿದೆ. ಗಂಡನಿದ್ದ ಸೊಸೆ ಬರಿಗೈಯಲ್ಲಿ ಓಡಾಡಿದರೆ ಯಾವ ಅತ್ತೆ ಸುಮ್ಮನಿರುತ್ತಾಳೆ? ಸಂತೆಗೆ ಹೋಗುವವರ ಕೈಲೋ, ಹಾಲಿನವರ ಕೈಲೋ, ಬಸ್ಸಿನ ಕಂಡಕ್ಟರನ ಕೈಲೋ ಹೇಳಿ ಕಳಿಸಿಯೇ ಕಳಿಸುತ್ತಾಳೆ, ಬಳೆಗಾರ್ತಿಗೆ ಬರಲು ಹೇಳಿ ಎಂದು. ಹುಡುಗಿಗೆ ಜ್ವರ ಬಂದರೆ ವೈದ್ಯರನ್ನು ಕರೆಯಲು ಯೋಚನೆ ಮಾಡುವ ಮನೆಯಲ್ಲೂ ಬಳೆಗೆ ತಡ ಮಾಡುವುದಿಲ್ಲ.

ಈಗ ಅದಕ್ಕೆ ಫೋನು ಇದೆಯಂತೆ, ಸಹಾಯವಾಣಿ ಎನ್ನುತ್ತಾರಂತೆ. ಯಾವ ಹೊತ್ತಿಗೆ ಮಾಡಿದರೂ ಆ ಕಡೆ ಒಬ್ಬರು ಎತ್ತಿ, ಬುದ್ಧಿ ಹೇಳದೆ ಕೇಳುತ್ತಾರಂತೆ. ಬಹಳ ಒಳ್ಳೆಯದು. ಬೇಕಾದವರು ನಾಚಿಕೆ ಪಡದೆ ಮಾಡಬೇಕು. ನಮ್ಮ ಕಾಲದಲ್ಲಿ ಮಮದಾಪುರಕ್ಕೆ ಇದ್ದದ್ದು ಒಡೆದ ಗಾಜು, ಗೋಕಾಕದಿಂದ ಬರುವ ಒಂದು ಬಸ್ಸು.

ಕರೆ ಬಂತು. ಮತ್ತೆ ಬಂತು. ಆ ಸಲ ಸುಗ್ಗಿ ಮುಗಿಯುವುದರೊಳಗೆ ನಾನು ಆ ಮನೆಗೆ ಎಷ್ಟು ಸಲ ಹೋದೆನೋ. ಪಡಸಾಲೆಯಲ್ಲಿ ಅವಳ ಅತ್ತೆ ನನ್ನನ್ನು ನಿಲ್ಲಿಸಿ ಬೈಯತೊಡಗಿದಳು.

“ಏನ ಬಳಿಗಾರ್ತಿ, ಗಾಜ ಮಾರ್ತಿಯೋ ಹಪ್ಪಳ ಮಾರ್ತಿಯೋ? ಮುಟ್ಟಿದ್ರ ಮುರೀತಾವು.”

“ನಿಮ್ಮ ಸೊಸಿ ಕೈ ಸ್ವಲ್ಪ ಜೋರ ಐತ್ರಿ ಅವ್ವಾರ.”

“ಆಕಿ ಕೈ ಜೋರ ಅಂತ. ರೊಟ್ಟಿ ಬಡದ್ರ ಅಂಗೈಯಷ್ಟ ಆಗೂದಿಲ್ಲ. ನಿನ್ನ ಮಾಲ ಕಚ್ಚಾ ಐತಿ, ಅದನ್ನ ಹೇಳು.”

ಹೇಳಿಯೇ ಬಿಟ್ಟಳು, ನನಗಲ್ಲ, ಊರಿಗೆಲ್ಲ. ಗೋಕಾಕದವಳ ಬಳೆ ಕಚ್ಚಾ ಎಂದು ಮಮದಾಪುರದಲ್ಲಿ ಹೆಸರಾಯಿತು. ಬೇರೆ ಮನೆಯವರು ನನ್ನನ್ನು ಕರೆಯುವುದು ಬಿಟ್ಟರು. ವ್ಯಾಪಾರಸ್ಥಳಿಗೆ ಮಾಲಿನ ಹೆಸರು ಕೆಡುವುದು ಸಣ್ಣ ಮಾತಲ್ಲ, ನನಗೆ ಸಿಟ್ಟೂ ಬರುತ್ತಿತ್ತು. ಆದರೆ ಬಾಯಿ ಬಿಟ್ಟರೆ ಹುಡುಗಿಯ ದಾರಿ ಮುಚ್ಚುತ್ತಿತ್ತು. ಕರೆಗಳು ಬರಬರುತ್ತ ಕಡಿಮೆಯಾದವು. ಒಂದು ದಿನ ಅವಳು ತಾನಾಗಿ ನವಿಲು ಬಣ್ಣದ ಬಳೆ ಎತ್ತಿ, ಇದಕ್ಕೆ ಇಷ್ಟೇ ಕೊಡುತ್ತೇನೆ ಎಂದು ಜಗಳಕ್ಕೆ ನಿಂತಳು. ನಾನು ಸೋತು ಕೊಟ್ಟೆ. ಸೋತು ಸಂತೋಷಪಟ್ಟ ವ್ಯಾಪಾರ ನನ್ನ ಜೀವನದಲ್ಲಿ ಅದೊಂದೇ.

ಅದಾಗಿ ಒಂದು ವರ್ಷಕ್ಕೆ ಅವಳ ಗಂಡ ಸತ್ತ. ಕಬ್ಬಿಗೆ ನೀರು ತಿರುವಲು ಹೋದಾಗ ಹಾವು ಕಚ್ಚಿತು. ಸುದ್ದಿ ನನಗೆ ಮೂಡಲಗಿಯ ಸಂತೆಯಲ್ಲಿ ಸಿಕ್ಕಿತು. ಹೇಳಿದವನು ಎಮ್ಮೆಯ ಹಗ್ಗ ಹಿಡಿದುಕೊಂಡು, ಬೆಲೆ ಹೇಳುವ ದನಿಯಲ್ಲೇ ಹೇಳಿದ. ಬುಟ್ಟಿಯ ಮುಂದೆ ಗಿರಾಕಿ ನಿಂತಿದ್ದಳು. ಅವಳಿಗೆ ಬಳೆ ಏರಿಸುತ್ತಿದ್ದಾಗ ನನಗೆ ಹೊಳೆಯಿತು: ಈಗ ಆ ಹುಡುಗಿಯ ಕೈಯ ಬಳೆ ಒಡೆದಿರುತ್ತಾರೆ. ಎಲ್ಲರೂ ಸೇರಿ, ಶಾಸ್ತ್ರದ ಪ್ರಕಾರ ಒಡೆದಿರುತ್ತಾರೆ. ಇನ್ನು ಅವಳ ಕೈ ಬರಿದಾದರೆ ಯಾರೂ ನನಗೆ ಹೇಳಿ ಕಳಿಸುವುದಿಲ್ಲ. ಎಂದಿಗಿಂತ ಹೆಚ್ಚು ಬೇಕಾದ ಹೊತ್ತಿಗೆ ಅವಳಿಂದ ಮೊದಲು ಕಿತ್ತುಕೊಂಡದ್ದು ನನ್ನನ್ನು ಕರೆಯುವ ಆ ಒಂದು ದಾರಿಯನ್ನು.

ಬಳೆಗಾರರು ಸಾವಿನ ಮನೆಗೆ ಹೋಗುವುದಿಲ್ಲ. ವಿಧವೆಯಾದವಳ ಎದುರಿಗಂತೂ ಹೋಗುವುದಿಲ್ಲ, ಗಾಯಕ್ಕೆ ಉಪ್ಪು ಹಾಕಿದಂತೆ ಎಂದು. ನನ್ನ ಅತ್ತೆಯನ್ನು ಕೇಳಿದೆ. ಹಾಸಿಗೆ ಹಿಡಿದಿದ್ದ ಅವರು, ‘ಬುಟ್ಟಿ ಹೊರಗಿಟ್ಟು ಹೋಗು. ನೀನೇನು ಬುಟ್ಟಿಯಲ್ಲ’ ಎಂದರು.

ದಿನ ಕರ್ಮ ಮುಗಿಯುವಷ್ಟು ತಡೆದು, ಒಂದು ಬಿಸಿಲು ಮಧ್ಯಾಹ್ನ ಮಮದಾಪುರದಲ್ಲಿ ಇಳಿದೆ. ಅವಳ ಅತ್ತೆ ಹೊಸ್ತಿಲಲ್ಲೇ ನಿಂತಿದ್ದಳು. ಮಗ ಸತ್ತ ಮೇಲೆ ಇನ್ನೂ ಗಟ್ಟಿಯಾದಂತೆ ಕಂಡಳು.

“ಯಾರ ಕರದ್ರು ನಿನ್ನ?”

“ಯಾರೂ ಕರದಿಲ್ಲರಿ ಅವ್ವಾರ. ಬಿಸಲಾಗ ಬಂದೇನಿ, ಒಂದ ತಂಬಿಗಿ ನೀರ ಕೊಡ್ರಿ.”

“ಕುಡದ ಹೋಗು. ಈ ಮನ್ಯಾಗ ನಿನ್ನ ಕೆಲಸ ಮುಗೀತು.”

“ಕೆಲಸ ಮುಗೀತು ಖರೆ. ಕಾಲ ನೋವಾಕತ್ತಾವು. ಕಟ್ಟಿ ಮ್ಯಾಲ ಕುಂದರ್ತೇನಿ.”

“ಬುಟ್ಟಿ ಒಳಗ ತರಬ್ಯಾಡ.”

“ಅಲ್ಲೇ ಬೇವಿನ ಗಿಡದ ಬುಡಕ ಇಟ್ಟೇನಿ, ನೋಡ್ರಿ.”

ನೀರು ತಂದುಕೊಟ್ಟಳು. ಕುಡಿಯುತ್ತ ಒಳಗೆ ನೋಡಿದೆ. ನಡುಮನೆಯ ಆಚೆ ಒಂದು ಕೋಣೆ, ಬಾಗಿಲಿಗೆ ಹೊರಗಿನಿಂದ ಕೀಲಿ. ಹುಡುಗಿಯನ್ನು ಕತ್ತಲಲ್ಲಿ ಕೂಡಿಹಾಕಿದ್ದಾಳೆ ಈ ಮುದುಕಿ ಎಂದುಕೊಂಡೆ.

“ಒಮ್ಮಿ ಆಕೀನ ನೋಡಿ ಹೋಗ್ತೇನ್ರಿ.”

“ಯಾಕ? ಗಂಡ ಸತ್ತ ಮನಿಗೆ ಬಳಿಗಾರ್ತಿ ಬಂದಿದ್ಲು ಅಂತ ಮಂದಿ ಆಡಿಕೋಬೇಕೇನ?”

“ಬಳಿ ಬಾಕಿಗೆ ಸುಗ್ಗಿ ಕಾಳ ಕೇಳಾಕ ಬಂದಿದ್ದೆ ಅಂತ ಹೇಳ್ತೇನಿ.”

“ಸುಗ್ಗಿ ಹೋಗಿ ಎಷ್ಟ ದಿನಾತು? ಸುಳ್ಳ ಹೇಳಾಕೂ ಒಂದ ಹಂಗಾಮ ಐತಿ.”

“ಒಳಗ ಹೋಗೂದಿಲ್ಲರಿ. ಬಾಗಲದಾಗ ನಿಂತ ಮಾತಾಡ್ತೇನಿ.”

“ಬ್ಯಾಡ.”

“ಬಾಗಲಾ ತಗೀಬ್ಯಾಡ್ರಿ. ಹೊರಗಿಂದ ಉಂಡೇನ ಅಂತ ಅಷ್ಟ ಕೇಳ್ತೇನಿ.”

ಅವಳು ಮಾತಾಡಲಿಲ್ಲ. ಚೌಕಾಸಿಯಲ್ಲಿ ಎದುರಿನವರು ಸುಮ್ಮನಾದಾಗ ನಾವು ಬಾಯಿ ತೆರೆಯಬಾರದು. ತೆರೆದರೆ ನಮ್ಮ ಕೈಯಿಂದಲೇ ಬೆಲೆ ಇಳಿಯುತ್ತದೆ. ತಂಬಿಗೆ ಹಿಡಿದುಕೊಂಡು ಕೂತೆ. ಬೀದಿಯಲ್ಲಿ ಒಂದು ಎತ್ತಿನ ಗಾಡಿ ಹೋಯಿತು. ಅವಳು ಹೊಸ್ತಿಲ ಮೇಲೆ ಕುಸಿದಂತೆ ಕುಳಿತಾಗ ಅವಳ ಕಣ್ಣು ಹತ್ತಿರದಿಂದ ಕಂಡವು. ಕೆಂಪಗೆ, ಅಂಚಿನಲ್ಲಿ ಊದಿಕೊಂಡಿದ್ದವು.

“ನಿಮ್ಮ ನಿದ್ದಿ ಹ್ಯಾಂಗ್ರಿ ಅವ್ವಾರ?” ಎಂದೆ.

“ಹಿತ್ತಲ ಬಾಗಲಕ ಅಡ್ಡ ಮಲಗ್ತೇನಿ,” ಎಂದಳು. ನನಗೆ ಹೇಳುತ್ತಿರುವಂತಿರಲಿಲ್ಲ. “ಆಕಿ ಹೊಳ್ಳಿದ್ರ ನನಗ ಎಚ್ಚರ. ಮೊದಲ ದಿನ ಬಾಂವಿ ತನಕ ಹೋಗಿದ್ಲು, ಸೆರಗ ಹಿಡದ ಎಳಕೊಂಡ ಬಂದೆ. ಅವತ್ತಿಂದ ಕೀಲಿ ಹಾಕೇನಿ. ಸೊಸೀನ ಕೂಡಿಹಾಕ್ಯಾಳ ಅಂತ ಮಂದಿ ಬೈತಾರ. ಬೈಲಿ. ಖರೇದ್ದು ಹೇಳಿದ್ರ ಆಕಿ ಹೆಸರ ಕೆಡ್ತೈತಿ.”

ಆ ಕೀಲಿಯನ್ನು ನಾನೂ ಊರಿನವರಂತೆಯೇ ತಿಳಿದುಕೊಂಡಿದ್ದೆ. ಅವಳಿಗೆ ಬೇರೆ ಉಪಾಯ ಗೊತ್ತಿರಲಿಲ್ಲ, ಅಷ್ಟೇ. ಮಗನಿಗೆ ಅಳಲಿಕ್ಕೂ ಪುರುಸೊತ್ತಿಲ್ಲದೆ ಸೊಸೆಯನ್ನು ಕಾಯುತ್ತಿದ್ದಳು.

“ಆಕೀಗೆ ಕೇಳೀರೇನ್ರಿ?”

“ಏನಂತ?”

“ಸಾಯಬೇಕ ಅನಸ್ತೈತೇನ ಅಂತ.”

“ಅಂಥಾ ಮಾತ ಬಾಯಿಂದ ತಗೀತಾರೇನ?”

“ನೀವ ತಗೀದಿದ್ರೂ ಆಕಿ ಒಳಗ ಅದನ್ನ ವಿಚಾರ ಮಾಡಾಕತ್ತಾಳ. ಒಬ್ಬಾಕೀನ ಮಾಡಾಕತ್ತಾಳ. ನಾಕ ಗ್ವಾಡಿ ನಡುವ ಬಿಟ್ರ ಮತ್ತೇನ ಮಾಡ್ಯಾಳು?”

ಮುದುಕಿ ಸೊಂಟದ ಕೀಲಿ ಬಿಚ್ಚಿದಳು. ಬೀದಿಯ ಕಡೆ ಒಮ್ಮೆ ನೋಡಿ, “ಲಗೂನ ಬಾ,” ಎಂದಳು.

ಕೋಣೆಯಲ್ಲಿ ಜೋಳದ ಚೀಲಗಳ ನಡುವೆ ಚಾಪೆ ಹಾಸಿತ್ತು. ಹುಡುಗಿ ಎದ್ದು ಕೂರಲಿಲ್ಲ. ಪಕ್ಕದಲ್ಲಿ ಕುಳಿತು ಅವಳ ಕೈ ತೆಗೆದುಕೊಂಡೆ. ಬಳೆ ಇಲ್ಲದ ಕೈಯನ್ನು ಸುಮ್ಮನೆ ಹಿಡಿದು ಕೂರುವುದು ನನಗೆ ಅಭ್ಯಾಸವಿರಲಿಲ್ಲ. ಹೆಬ್ಬೆರಳು ತನ್ನಷ್ಟಕ್ಕೆ ತಾನು ಅವಳ ಗೆಣ್ಣು ನೀವುತ್ತಿತ್ತು. ಮಣಿಕಟ್ಟಿನಲ್ಲಿ ಗಾಜು ತಾಗಿದ ಗೀರುಗಳು ಇನ್ನೂ ಒಣಗಿರಲಿಲ್ಲ.

“ನಿನಗ ಹೇಳಿ ಕಳಸಾಕ ನನ್ನ ಕೈಯಾಗ ಏನೂ ಉಳೀಲಿಲ್ಲ ಅಕ್ಕಾ,” ಎಂದಳು.

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಅದು ಕೇಳಿಸಿತು. ಸ್ವಲ್ಪ ಹೊತ್ತು ಅವಳು ಲೆಕ್ಕ ಹಾಕಿದಳು.

“ಅಂದ್ರ ಆ ಬಳಿ ಎಲ್ಲಾ ನೀನ ಒಡದಿದ್ದೇನ?”

“ಹೂಂ.”

“ಈಕೀದು ಕಚ್ಚಾ ಮಾಲ ಅಂತ ನಾ ಊರ ತುಂಬ ಹೇಳೇನಲ್ಲ.”

“ಹೇಳೀರ್ರಿ,” ಎಂದೆ. “ನಿಮ್ಮ ಊರಾಗ ಈಗೂ ನನ್ನ ಬಳಿ ಮುಟ್ಟೂದಿಲ್ಲ ಯಾರೂ.”

ಹುಡುಗಿಯ ತುಟಿಯ ಒಂದು ಮೂಲೆ ಕದಲಿತು. ಅದನ್ನು ನಗು ಎನ್ನಲಾರೆ. ಆದರೆ ಆಮೇಲೆ ಅವಳು ಎದ್ದು ಗೋಡೆಗೆ ಒರಗಿ ಕುಳಿತಳು, ಮಾತಾಡಿದಳು. ಅತ್ತೆ ಹೊಸ್ತಿಲ ಮೇಲೆ ಕುಳಿತು ಪೂರ್ತಿ ಕೇಳಿದಳು. ನಡುವೆ ಎರಡು ಸಲ ಬುದ್ಧಿ ಹೇಳಲು ಬಾಯಿ ತೆರೆದಳು. ನಾನು ಕೈ ಅಡ್ಡ ಹಿಡಿದೆ. ಅವಳಿಗೆ ಸಿಟ್ಟು ಬಂತು, ಆದರೂ ತಡೆದುಕೊಂಡಳು. ನನಗೆ ಅಷ್ಟು ಸಂಯಮ ಬರಲು ವರ್ಷಗಳೇ ಹಿಡಿದಿದ್ದವು.

ಹೊರಡುವ ಮೊದಲು ಮುದುಕಿಯ ಜೊತೆ ಕುಳಿತು ಒಪ್ಪಂದ ಮಾಡಿಕೊಂಡೆ. ಕೀಲಿ ಬೇಡ, ಹಗಲು ಬಾಗಿಲು ತೆರೆದಿರಲಿ. ಊಟ ಇಬ್ಬರೂ ಒಂದೇ ತಾಟಿನ ಮುಂದೆ ಮಾಡಲಿ. ನೀರಿಗೆ ಅವಳೊಬ್ಬಳನ್ನೇ ಕಳಿಸಬಾರದು. ಮುದುಕಿ ಹಾಸಿಗೆಯನ್ನು ಬಾಗಿಲಿಂದ ತೆಗೆದು ಸೊಸೆಯ ಮಗ್ಗುಲಿಗೆ ಹಾಕಲಿ. ಹಿರಿಯ ಮಗನಿಗೆ ಇದ್ದದ್ದು ಇದ್ದಂತೆ ತಿಳಿಸಿ, ಗೋಕಾಕದ ಸರಕಾರಿ ದವಾಖಾನೆಗೆ ಒಮ್ಮೆ ಕರೆತರಲಿ. ಕೊನೆಯದಕ್ಕೆ ಅವಳು ಬಹಳ ಹೊತ್ತು ಒಪ್ಪಲಿಲ್ಲ. ಗಂಡಸರಿಗೆ ಹೇಳಿದರೆ ತವರಿಗೆ ಅಟ್ಟುತ್ತಾರೆ ಎಂದು ಅವಳ ಹೆದರಿಕೆ. ನಿದ್ದೆಗೆ ಔಷಧ ಎಂದಷ್ಟೇ ಹೇಳುವುದೆಂದು ತೀರ್ಮಾನವಾಯಿತು. ಡಾಕ್ಟರು ಕೊಟ್ಟ ಗುಳಿಗೆಯಿಂದ ಹುಡುಗಿಗೆ ನಿದ್ದೆ ಹತ್ತಿತು, ಗುಳಿಗೆಯ ಡಬ್ಬಿ ಅತ್ತೆಯ ಸೊಂಟದಲ್ಲಿ ಇರುತ್ತಿತ್ತು.

ಇನ್ನು ನನ್ನನ್ನು ಕರೆಯುವುದು ಹೇಗೆ? ಅದಕ್ಕೆ ಉಪಾಯ ಹೊಳೆದದ್ದು ಮುದುಕಿಗೆ, ನನಗಲ್ಲ.

“ದ್ಯಾಮವ್ವಗ ಬಳಿ ಬೇಕಂದ್ರ ಯಾರರ ಬ್ಯಾಡ ಅಂತಾರೇನ?” ಎಂದಳು.

ಊರ ದೇವಿಗೆ ಹರಕೆಯ ಬಳೆ ಏರಿಸಲು ಗಂಡನಿರಬೇಕೆಂದಿಲ್ಲ. ವಿಧವೆಯರಿರುವ ಮನೆಯಿಂದ ದೇವಿಗೆ ಬಳೆ ಬೇಕೆಂದು ಹೇಳಿ ಕಳಿಸಿದರೆ ಯಾರೂ ಪ್ರಶ್ನೆ ಮಾಡುವುದಿಲ್ಲ. ಮುಂದೆ ಆ ಮನೆಯಿಂದ ಹಾಗೆಯೇ ಕರೆ ಬರತೊಡಗಿತು. ದ್ಯಾಮವ್ವನ ಕೈಯಲ್ಲಿ ಮೊಣಕೈ ಮಟ್ಟ ಬಳೆ ತುಂಬಿ, ಗುಡಿಯ ಪೂಜಾರಿ, “ಅವ್ವಗ ಸ್ವಲ್ಪ ಕೈ ಆಡಸಾಕ ಜಾಗ ಬಿಡ್ರಿ” ಎಂದು ನನ್ನನ್ನು ರೇಗಿಸಿದ. ಹುಡುಗಿ ಬದುಕಿದಳು. ಸುಖವಾಗಿದ್ದಳು ಎಂದು ಬರೆದರೆ ಸುಳ್ಳಾಗುತ್ತದೆ. ಯಾವ ಶುಭಕ್ಕೂ ಅವಳನ್ನು ಕರೆಯುತ್ತಿರಲಿಲ್ಲ, ಬೆಳಗ್ಗೆ ಇವಳು ಎದುರಾದರೆ ಓರಗಿತ್ತಿ ತಲೆಬಾಗಿಲಿಂದ ಹಿಂದಕ್ಕೆ ಸರಿಯುತ್ತಿದ್ದಳು. ಅವಳು ಹೊಲಕ್ಕೆ ಹೋಗಿ ಬಂದು, ಅತ್ತೆಯ ಮಗ್ಗುಲಲ್ಲಿ ಮಲಗಿ, ದಿನ ದೂಡಿದಳು.

ನಯಾಪೈಸೆ ಬಂದ ಮೇಲಿನ ಒಂದು ಮಳೆಗಾಲ. ಮೂಡಲಗಿಯ ಸಂತೆಯಲ್ಲಿ ಮಮದಾಪುರದವರೊಬ್ಬರು, “ದ್ಯಾಮವ್ವಗ ಬಳಿ ಬೇಕಂತ, ಲಗೂನ ಬರಬೇಕಂತ,” ಎಂದರು. ಲಗೂನ ಎಂಬ ಮಾತು ಆ ಮನೆಯಿಂದ ಎಂದೂ ಬಂದಿರಲಿಲ್ಲ. ಹಳ್ಳ ತುಂಬಿ ಬಸ್ಸು ನಿಂತಿತ್ತು. ನೀರು ಇಳಿಯುವ ತನಕ ದಂಡೆಯ ಮೇಲೆ ಗೋಣಿ ಹೊದ್ದು ಕುಳಿತು, ಹುಡುಗಿಗೆ ಏನಾಯಿತೋ, ಬಾವಿಯ ಕಡೆ ಯಾರು ನೋಡುತ್ತಿದ್ದಾರೋ ಎಂದು ಯೋಚಿಸಿದೆ. ಒಬ್ಬರು ಹೋಗಿ ಮುಟ್ಟುವ ತನಕ ಇನ್ನೊಬ್ಬರು ತಡೆದುಕೊಂಡಿರಬೇಕು, ನಮ್ಮ ವ್ಯವಹಾರವೆಲ್ಲ ನಿಂತದ್ದು ಅದರ ಮೇಲೆ.

ಮರುದಿನ ಮನೆ ಮುಟ್ಟಿದಾಗ ಹುಡುಗಿಯೇ ಎದುರಿಗೆ ಬಂದಳು.

“ನನಗಲ್ಲ ಅಕ್ಕಾ,” ಎಂದಳು. “ನಮ್ಮ ಅತ್ತಿಯವರಿಗೆ.”

ನಾಲ್ಕು ಮಾತಿನಲ್ಲಿ ಹೇಳಿದಳು. ಅತ್ತೆ ಕಣಜದ ಕೀಲಿ ಓರಗಿತ್ತಿಗೆ ಕೊಟ್ಟರು. ಕಿವಿಯ ಓಲೆ ಬಿಚ್ಚಿ ಇವಳ ಕೈಗೆ ಹಾಕಿದರು. ಯಾವುದೇ ಪಲ್ಯ ಬಡಿಸಿದರೂ ಬೈಯುವುದನ್ನು ಬಿಟ್ಟರು. ಬೈಯುವುದು ನಿಂತಾಗ ಇವಳಿಗೆ ಭಯವಾಯಿತು.

“ಕೇಳಿದೆ ನಾ,” ಎಂದಳು. “ನೀ ನನಗ ಕೇಳಿದಂಗ.”

“ಏನಂದ್ರು?”

“ಮೊದಲ ಬೈದ್ರು. ಆಮ್ಯಾಲ ಹೂಂ ಅಂದ್ರು.”

ಮುದುಕಿ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದಳು. ಓಲೆ ಇಲ್ಲದ ಕಿವಿ ಜೋತು ಬಿದ್ದಿದ್ದವು. ನಾನು ಒಂದು ಮಗ್ಗುಲಿಗೆ ಕುಳಿತೆ, ಸೊಸೆ ಇನ್ನೊಂದು ಮಗ್ಗುಲಿಗೆ.

“ನಿದ್ದಿ ಹ್ಯಾಂಗ್ರಿ ಅವ್ವಾರ?”

“ನಿನಗ ಬ್ಯಾರೆ ಮಾತ ಬರಂಗಿಲ್ಲೇನ,” ಎಂದಳು.

ಅವಳ ಕೈ ತೆಗೆದುಕೊಂಡೆ. ಇಷ್ಟು ವರ್ಷ ಆ ಮನೆಗೆ ಹೋಗಿ ಬಂದರೂ ಆ ಕೈಯನ್ನು ನಾನು ಹಿಡಿದಿರಲಿಲ್ಲ. ಒರಟಾದ, ತಣ್ಣನೆಯ ಕೈ. ಎಳೆದುಕೊಳ್ಳಲು ನೋಡಿ, ಬಿಟ್ಟಳು. ಹೊರಗೆ ಮಳೆ ಹಿಡಿದುಕೊಂಡಿತು. ಮುದುಕಿಯೇ ಮಾತು ತೆಗೆದಳು.

“ಅವತ್ತ ಅಂವಾ ಹೊಲಕ ಹೊಂಟಿರಲಿಲ್ಲ. ಮೈ ಬೆಚ್ಚಗ ಐತಿ, ನಾಳೆ ಹೋಗ್ತೇನಿ ಅಂದ. ನೀರಿನ ಪಾಳಿ ತಪ್ಪತೈತಿ ಅಂತ ನಾನ ಎಬ್ಬಿಸಿ ಕಳಿಸಿದೆ.” ಸೊಸೆಯ ಕಡೆ ನೋಡದೆ ಹೇಳಿದಳು. “ಯಾರಿಗೂ ಹೇಳಿಲ್ಲ ಇದನ್ನ. ಈಕೀಗೂ ಹೇಳಿಲ್ಲ.”

ಗಂಡ ಸತ್ತ ದಿನ ಹುಡುಗಿ ಹತ್ತರಗಿಯ ಹತ್ತಿರ ತವರಿನಲ್ಲಿದ್ದಳಂತೆ. ಅವಳು ಬಂದಾಗ ಎಲ್ಲ ಮುಗಿದು, ಶಾಸ್ತ್ರದಂತೆ ಅವನ ಹೆಣವನ್ನು ಅಂಗಳದಲ್ಲಿ ಕೂರಿಸಿದ್ದರು. ಆ ಬೆಳಗ್ಗೆ ಏನು ನಡೆಯಿತೆಂದು ಅವಳು ಕೇಳಿರಲಿಲ್ಲ, ಕೇಳುವ ಧೈರ್ಯ ಇರಲಿಲ್ಲ. ಈಗ ಅವಳು ಏನು ಹೇಳುತ್ತಾಳೋ ಎಂದು ಹೆದರಿದೆ. ನೀನೇ ಕೊಂದೆ ಎಂದುಬಿಟ್ಟರೆ ಮುದುಕಿಯನ್ನು ಉಳಿಸಿಕೊಳ್ಳುವುದು ನನ್ನಿಂದಾಗುತ್ತಿರಲಿಲ್ಲ. ನಿಮ್ಮದೇನು ತಪ್ಪಿಲ್ಲ, ಹಣೆಬರಹ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಹುಡುಗಿಯ ಮುಖ ಕಪ್ಪಿಟ್ಟಿತ್ತು. ಆಮೇಲೆ ಮುದುಕಿಯ ಇನ್ನೊಂದು ಕೈಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

“ಏನ ಉಂಡ ಹೋಗಿದ್ರು ಅವರು?” ಎಂದು ಕೇಳಿದಳು.

ಮುದುಕಿ ಅವಳ ಕಡೆ ತಿರುಗಿದಳು.

“ರೊಟ್ಟಿ. ಬದನಿಕಾಯಿ ಪಲ್ಯ. ಮೊಸರ ಬೇಡಿದ್ದ. ಮೈ ಬೆಚ್ಚಗ ಐತಿ, ಮೊಸರ ಬ್ಯಾಡ, ಸಂಜೀಕ ಉಣ್ಣು ಅಂದೆ.”

“ಆಮ್ಯಾಲ?”

“ನಕ್ಕ. ಹೊಲಕ ಹೋಗಾಕ ಜ್ವರಾ ಇಲ್ಲ, ಮೊಸರಿಗೆ ಅಷ್ಟ ಜ್ವರಾ ಬರ್ತೈತೇನ ನಿಮ್ಮ ಮನ್ಯಾಗ ಅಂದ.”

ಮುದುಕಿಯ ಗಂಟಲಿನಿಂದ ಬಂದ ಸದ್ದು ನಗುವೋ ಅಳುವೋ ತಿಳಿಯಲಿಲ್ಲ. ಮಗ ಸತ್ತ ಮೇಲೆ ಅವಳು ಮೊದಲ ಸಲ ಅತ್ತದ್ದು ಆಗ. ಸೊಸೆಯೂ ಅತ್ತಳು, ಆದರೆ ಕೈ ಬಿಡಲಿಲ್ಲ. ಅಳು ತಗ್ಗಿದಾಗ ಮತ್ತೆ ಕೇಳಿದಳು.

“ಆಮ್ಯಾಲ ಅತ್ತಿ?”

ಮುದುಕಿ ಹೇಳುತ್ತ ಹೋದಳು. ಯಾವ ಅಂಗಿ ಹಾಕಿಕೊಂಡ, ಸಲಿಕೆ ಎಲ್ಲಿ ಹುಡುಕಿದ, ಹಿತ್ತಲ ಬಾಗಿಲಲ್ಲಿ ನಿಂತು ಏನು ಕೂಗಿ ಹೇಳಿದ. ನನಗೆ ಅಲ್ಲಿ ಬೇರೆ ಕೆಲಸ ಇರಲಿಲ್ಲ. ನಾನೂ ಕೇಳುತ್ತ ಕುಳಿತೆ.